ಹಿಡಿ ಹಾಕುವ ಮೊದಲು ಅಲಗಿಗೆ ಅರ ತಾಗಿಸಿ ನೋಡಿ

ಪ್ರಶ್ನೆ: ಚಾಕು ಮಾಡುವುದು ನನ್ನ ಹವ್ಯಾಸ. ಕುಲುಮೆ ಇಲ್ಲ. ಹಾಗಾಗಿ ಸಿದ್ಧ ಅಲಗುಗಳನ್ನು ಆನ್‌ಲೈನ್‌ನಲ್ಲಿ ತರಿಸಿ, ಮರದ ಹಿಡಿ ಮಾತ್ರ ನಾನೇ ಹಾಕುತ್ತೇನೆ. ಈಚೆಗೆ ‘ಡಮಾಸ್ಕಸ್’ (ಬೇರೆ ಬೇರೆ ಉಕ್ಕಿನ ಪದರ ಬೆಸೆದು ಅಲೆಅಲೆ ಚಿತ್ತಾರ ಬರಿಸಿದ ಉಕ್ಕು) ಅಂತ ಒಂದು, ‘440 ಸ್ಟೇನ್‌ಲೆಸ್’ ಅಂತ ಒಂದು ತರಿಸಿದೆ. 440ಕ್ಕೆ ಇನ್ನೂ ಹಿಡಿ ಹಾಕಿಲ್ಲ. ಡಮಾಸ್ಕಸ್ ಚಾಕು ಎರಡೇ ದಿನಕ್ಕೆ ಮೊಂಡಾಯಿತು. ಅದರ ಹಿಡಿಗೆ ಮೂರು ವಾರ ಕೂತಿದ್ದೆ. ಅಲಗಿನ ಗುಣ ಮೊದಲೇ ತಿಳಿಯುವುದು ಹೇಗೆ?

ಉತ್ತರ: ಮೂರು ವಾರ ಉಜ್ಜಿ ನಯ ಮಾಡಿದ ಹಿಡಿಗೆ ಇಂಥ ಅಲಗು ಸಿಕ್ಕರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಆದರೆ ಆ ಚಾಕುವನ್ನು ಈಗಲೇ ಎಸೆಯಬೇಡಿ. ಅದರ ವಿಷಯಕ್ಕೆ ಕೊನೆಗೆ ಬರುತ್ತೇನೆ.

ಮಾರುವವರು ಉಕ್ಕಿನ ಹೆಸರು ದೊಡ್ಡದಾಗಿ ಹಾಕುತ್ತಾರೆ. ಅದನ್ನು ಕಾಯಿಸಿ ತಣಿಸಿ ಹದ ಹೇಗೆ ಮಾಡಿದ್ದಾರೆ ಅಂತ ಹೇಳುವುದೇ ಇಲ್ಲ. ಹರಿತ ನಿಲ್ಲುವುದು ಮಾತ್ರ ಹದದ ಮೇಲೆಯೇ. 1095 ಅನ್ನುವ ಸಾಧಾರಣ ಇಂಗಾಲದ ಉಕ್ಕನ್ನು ಸರಿಯಾಗಿ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕಾಯಿಸಿ ಹದಕ್ಕೆ ತಂದರೆ ಸೊಗಸಾದ ಅಲಗಾಗುತ್ತದೆ. ಎಷ್ಟೇ ದುಬಾರಿ ಉಕ್ಕಾದರೂ ಹದ ತಪ್ಪಿದರೆ ಅದು ಬರೀ ತಗಡು.

ಹೆಸರನ್ನೂ ಪೂರ್ತಿ ಓದಿ. ಬರೀ ‘440’ ಅಂದರೆ ಏನೂ ಹೇಳಿದ ಹಾಗಲ್ಲ. 440ಎ ಉಕ್ಕಿನಲ್ಲಿ, ಗಡಸು ಕೊಡುವ ಇಂಗಾಲ ಶೇ 0.60ರಿಂದ 0.75. 440ಸಿಯಲ್ಲಿ ಶೇ 0.95ರಿಂದ 1.20. ಇವೆರಡಕ್ಕೂ ತುಂಬಾ ವ್ಯತ್ಯಾಸವಿದೆ. ಕೊನೆಯ ಅಕ್ಷರ ಬಿಟ್ಟಿದ್ದರೆ ಅದು 440ಸಿ ಇರಬಹುದು ಅಂತ ನಂಬಬೇಡಿ. ‘ಸರ್ಜಿಕಲ್ ಸ್ಟೀಲ್’, ‘ಹೈ ಕಾರ್ಬನ್’ ಅನ್ನುವ ಮಾತುಗಳೂ ಅಷ್ಟೇ.

ಅಲಗು ಕೈಗೆ ಬಂದ ಕೂಡಲೇ ಒಂದು ಹೊಸ ಅರ ತೆಗೆದುಕೊಳ್ಳಿ. ಒಳ್ಳೆಯ ಅರದ ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ ಸುಮಾರು 65. ಚಾಕುವಿನ ಅಲಗು ಸಾಮಾನ್ಯವಾಗಿ 56ರಿಂದ 62ರ ನಡುವೆ ಇರಬೇಕು. ಬಾಯಿಯ (ಹರಿತ ಅಂಚಿನ) ಹತ್ತಿರ, ಹಿಡಿ ಸೇರುವ ಮೂಲೆಯಲ್ಲಿ, ಅರವನ್ನು ಹಗುರವಾಗಿ ತಳ್ಳಿ. ಗಾಜಿನ ಮೇಲೆ ಜಾರಿದ ಹಾಗೆ ಕಿರ್ ಅಂತ ಜಾರಿತೋ, ಗಡಸಾಗಿದೆ. ಕಚ್ಚಿಕೊಂಡು ಪುಡಿ ಉದುರಿತೋ, ಮೆತ್ತಗಿದೆ. ಆದರೆ ಒಂದೇ ಗೀರಿಗೆ ತೀರ್ಪು ಕೊಡಬೇಡಿ. ಕಾಯಿಸುವಾಗ ಮೇಲ್ಪದರದ ಇಂಗಾಲ ಸುಟ್ಟುಹೋಗಿ, ಕೂದಲೆಳೆಯಷ್ಟು ದಪ್ಪದ ಮೆತ್ತನೆಯ ಸಿಪ್ಪೆ ಉಳಿದಿರಬಹುದು. ನಾಲ್ಕೈದು ಸಲ ಉಜ್ಜಿದ ಮೇಲೆ ಅರ ಜಾರತೊಡಗಿದರೆ ಒಳಗಿನ ಉಕ್ಕು ಚೆನ್ನಾಗಿದೆ ಅಂತಲೇ ಅರ್ಥ. ಬೆನ್ನಿನ ಮೇಲೆ ಈ ಪರೀಕ್ಷೆ ಮಾಡಬೇಡಿ. ಅದನ್ನು ಕೆಲವರು ಬೇಕೆಂದೇ ಮೆತ್ತಗೆ ಬಿಟ್ಟಿರುತ್ತಾರೆ.

ಅತಿ ಗಡಸಾದರೂ ಕಷ್ಟವೇ. ಅಲಗನ್ನು ಸಾಣೆ ಹಿಡಿದು, 6 ಮಿ.ಮೀ. ದಪ್ಪದ ಹಿತ್ತಾಳೆ ಕಡ್ಡಿಯ ಮೇಲೆ ಬಾಯಿಯನ್ನು ಓರೆಯಾಗಿ ಒತ್ತಿ ಎಳೆಯಿರಿ. ಬೆಳಕಿಗೆ ಹಿಡಿದು ನೋಡಿದರೆ ಬಾಯಿ ಒಂಚೂರು ಬಾಗುವುದು ಕಾಣುತ್ತದೆ. ಬಾಗಿ ಹಾಗೇ ನಿಂತರೆ ಮೆತ್ತಗೆ. ಮುಕ್ಕಾದರೆ ತೀರಾ ಪೆಡಸು. ಬಾಗಿ ಹಿಂದಕ್ಕೆ ಬಂತೋ, ಆ ಅಲಗಿಗೆ ನಿಮ್ಮ ಒಳ್ಳೆಯ ಮರ ತೆಗೆಯಿರಿ.

ಡಮಾಸ್ಕಸ್ ವಿಷಯದಲ್ಲಿ ಎರಡು ಪ್ರಶ್ನೆ ಕೇಳಬೇಕು. ಮೊದಲನೆಯದು, ಆ ಅಲೆಅಲೆ ಚಿತ್ತಾರ ನಿಜವೇ ಅಂತ. ಹಿಡಿಯೊಳಗೆ ಹೋಗುವ ಭಾಗವನ್ನು 400ರ ಮರಳು ಕಾಗದದಿಂದ ಚಿತ್ತಾರ ಅಳಿಯುವವರೆಗೆ ಉಜ್ಜಿ, ನೀರು ಬೆರೆಸಿದ ಫೆರಿಕ್ ಕ್ಲೋರೈಡ್‌ನಲ್ಲಿ (ಉಕ್ಕಿನ ಮೇಲ್ಮೈ ಕೊರೆಯುವ ರಾಸಾಯನಿಕ) ಅದ್ದಿ. ಪದರಗಳು ನಿಜವಾಗಿದ್ದರೆ ಚಿತ್ತಾರ ಮರಳಿ ಮೂಡುತ್ತದೆ. ಮೇಲೆ ಅಚ್ಚು ಹಾಕಿದ್ದರೆ ಮೂಡುವುದಿಲ್ಲ. ಎರಡನೆಯದು, ಆ ಪದರಗಳು ಯಾವ ಉಕ್ಕಿನವು ಅಂತ. 1095 ಮತ್ತು 15ಎನ್20 ಒಳ್ಳೆಯ ಜೋಡಿ. ಮೊದಲನೆಯದು ಕಪ್ಪಾಗುತ್ತದೆ, ನಿಕಲ್ ಇರುವ ಎರಡನೆಯದು ಹೊಳೆಯುತ್ತದೆ, ಎರಡೂ ಗಡಸಾಗುತ್ತವೆ. ಗಡಸಾಗದ ಸಾದಾ ಕಬ್ಬಿಣ ಬೆರೆಸಿದರೂ ಚಿತ್ತಾರ ಅಷ್ಟೇ ಚಂದ ಬರುತ್ತದೆ. ಆದರೆ ಬಾಯಿ ನಿಲ್ಲುವುದಿಲ್ಲ. ಎರಡು ಉಕ್ಕಿನ ಹೆಸರು ಹೇಳದವರಿಂದ ನಾನಂತೂ ಕೊಳ್ಳುವುದಿಲ್ಲ. ಪದರ ಎಷ್ಟಿವೆ ಅನ್ನುವುದರಿಂದ ಹರಿತ ಜಾಸ್ತಿಯಾಗದು.

ಇನ್ನು ಕಣ್ಣಿನ ಕೆಲಸ. ಬೆನ್ನಿನ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ, ಸೊಟ್ಟ ಇದ್ದರೆ ವಾಪಸ್ ಕಳಿಸಿ. ಅಲಗು ಮತ್ತು ಟ್ಯಾಂಗ್ (ಹಿಡಿಯೊಳಗೆ ಹೋಗುವ ಭಾಗ) ಸೇರುವ ಒಳಮೂಲೆ ದುಂಡಗಿರಲಿ. ಚೂಪಾದ ಮೂಲೆಯಿಂದಲೇ ಬಿರುಕು ಹುಟ್ಟುವುದು. ಹಿಡಿಯನ್ನು ಬಿಗಿಯುವ ಪಿನ್ನಿನ ತೂತನ್ನೂ ಅಳೆಯಿರಿ. ಕಾಲು ಇಂಚು ಅಂದರೆ 6.35 ಮಿ.ಮೀ. ಅದರಲ್ಲಿ 6 ಮಿ.ಮೀ. ಪಿನ್ ಅಲ್ಲಾಡುತ್ತದೆ. ಗಡಸಾದ ಉಕ್ಕನ್ನು ಆಮೇಲೆ ಕೊರೆಯಲು ಕಾರ್ಬೈಡ್ ಡ್ರಿಲ್ ಬಿಟ್ ಬೇಕೇ ಬೇಕು.

ಈಗ ನಿಮ್ಮ ಡಮಾಸ್ಕಸ್ ಚಾಕು. ಕಾರ್ಖಾನೆಯಲ್ಲಿ ಯಂತ್ರದ ಸಾಣೆ ಹಿಡಿಯುವಾಗ ತೆಳು ಬಾಯಿ ಸುಟ್ಟು ಹದ ಕಳೆದುಕೊಂಡಿರಬಹುದು. ಹಾಗಾಗಿದ್ದರೆ ಕೆಟ್ಟಿರುವುದು ತುದಿ ಮಾತ್ರ. ನೀರು ಹಾಕಿದ ಕಲ್ಲಿನ ಮೇಲೆ ಕೈಯಲ್ಲೇ ಮೂರ್ನಾಲ್ಕು ಸಲ ಸಾಣೆ ಹಿಡಿದು ಬಳಸಿ ನೋಡಿ. ಪ್ರತಿ ಸಲವೂ ಹರಿತ ಸ್ವಲ್ಪ ಹೆಚ್ಚು ದಿನ ನಿಂತರೆ, ಒಳಗಿನ ಉಕ್ಕು ಸಿಗುತ್ತಿದೆ ಅಂತ ಲೆಕ್ಕ. ನಾಲ್ಕನೇ ಸಲವೂ ಎರಡೇ ದಿನಕ್ಕೆ ಮೊಂಡಾದರೆ ಅದನ್ನು ಕಾಗದ ಬಿಡಿಸಲು ಇಟ್ಟುಕೊಳ್ಳಿ. 440ಕ್ಕೆ ಅಂಟು ಕಲಸುವ ಮೊದಲು ಇವತ್ತೇ ಅರ ತಾಗಿಸಿ.