ಭಾನುವಾರ ಚರ್ಚಿನಿಂದ ಬಂದ ಮೇಲೆ ಹಿತ್ತಲ ಕೆಲಸ ಮಾಡಬಹುದಾ, ಅಥವಾ ದುಡ್ಡು ಕೊಟ್ಟು ಮಾಡಿಸಲಾ?

ಮಿಶಿಗನ್‌ನಲ್ಲಿ ಹೊಸದಾಗಿ ಮನೆ ತಗೊಂಡಿದ್ದೀರಿ, ಅಕ್ಟೋಬರ್ ಬಂದಿದೆ, ಎಲೆ ರಾಶಿ ಬಿದ್ದಿದೆ. ಭಾನುವಾರ ಕೆಲಸ ಮುಟ್ಟಬೇಡ ಅಂತ ಊರಿನಿಂದ ಅಮ್ಮ ಹೇಳುತ್ತಾರೆ. ನಿಮ್ಮ ಜಾಗದಲ್ಲೇ ನಾನೂ ನಿಂತಿದ್ದೆ.

ನಾನು ಬೆಳೆದದ್ದು ಧಾರವಾಡದಲ್ಲಿ, ಹೆಬಿಕ್ ಮೆಮೋರಿಯಲ್ ಚರ್ಚಿನ ಆಸುಪಾಸಿನಲ್ಲಿ. ನಮ್ಮ ಮನೆಯಲ್ಲಿ ಭಾನುವಾರದ ಬಟ್ಟೆಗೆ ಶನಿವಾರ ರಾತ್ರಿಯೇ ಇಸ್ತ್ರಿ ಆಗಬೇಕಿತ್ತು. ಭಾನುವಾರ ಸೂಜಿ ದಾರ ಮುಟ್ಟುವಂತಿರಲಿಲ್ಲ. ಡೆಟ್ರಾಯಿಟ್ ಪಕ್ಕ ಮನೆ ಮಾಡಿದಾಗ ಆ ನಿಯಮವನ್ನು ಹಾಗೇ ಇಲ್ಲಿಗೂ ತಂದೆ. ಹಿತ್ತಲ ಕೆಲಸವೆಲ್ಲ ಶನಿವಾರಕ್ಕೆ ಅಂದುಕೊಂಡೆ. ಆದರೆ ಇಲ್ಲಿಯ ಶನಿವಾರ ನಿಮಗೆ ಗೊತ್ತಲ್ವಾ? ಮಕ್ಕಳ ಕ್ಲಾಸು, ದಿನಸಿ, ಯಾರದೋ ಮನೆಯ ಹುಟ್ಟುಹಬ್ಬ.

ನವೆಂಬರಿನ ಒಂದು ಭಾನುವಾರ ಆರಾಧನೆ ಮುಗಿಸಿ ಬಂದೆ. ಹಿಂದಿನ ನಲ್ಲಿಗೆ ತೋಟದ ಪೈಪು ಇನ್ನೂ ಸಿಕ್ಕಿಸಿಯೇ ಇತ್ತು. ಕಣ್ಣಿಗೆ ಬಿತ್ತು ಕೂಡ. ಇವತ್ತು ಕರ್ತನ ದಿನ, ಶನಿವಾರ ಬಿಚ್ಚಿದರಾಯಿತು ಅಂತ ಒಳಗೆ ಹೋದೆ. ಅದೇ ವಾರದ ನಡುವೆ ನೀರು ಹೆಪ್ಪುಗಟ್ಟುವಂಥ ಚಳಿ ಬಂತು.

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ಇಲ್ಲಿಯ ಹೊರಗಿನ ನಲ್ಲಿಗಳಲ್ಲಿ ಬಹಳಷ್ಟು ಚಳಿ ತಡೆಯುವಂಥವು. ತಿರುಗಿಸುವ ಹಿಡಿ ಹೊರಗಿದ್ದರೂ ನೀರು ನಿಲ್ಲಿಸುವ ವಾಲ್ವ್ ಗೋಡೆಯ ಒಳಗೆ, ಮನೆಯ ಬೆಚ್ಚಗಿನ ಭಾಗದಲ್ಲಿ ಇರುತ್ತದೆ. ನಲ್ಲಿ ನಿಲ್ಲಿಸಿದಾಗ ಮುಂದಿನ ಕೊಳವೆಯಲ್ಲಿ ಉಳಿದ ನೀರು ತಾನೇ ಹೊರಗೆ ಸುರಿದುಹೋಗಬೇಕು. ತೋಟದ ಪೈಪು ಸಿಕ್ಕಿಸಿದ್ದರೆ ಅದು ಸುರಿಯುವುದಿಲ್ಲ, ಕೊಳವೆಯಲ್ಲೇ ನಿಲ್ಲುತ್ತದೆ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ತಾಮ್ರದ ಕೊಳವೆ ಸೀಳುತ್ತದೆ. ಕೆಟ್ಟದ್ದು ಏನೆಂದರೆ, ಸೀಳಿದ್ದು ಚಳಿಗಾಲದಲ್ಲಿ ಗೊತ್ತೇ ಆಗುವುದಿಲ್ಲ. ವಾಲ್ವ್ ಅದಕ್ಕಿಂತ ಹಿಂದೆ ಇರುವುದರಿಂದ ಒಂದು ಹನಿಯೂ ಸೋರುವುದಿಲ್ಲ. ವಸಂತ ಬಂದು ಗಿಡಕ್ಕೆ ನೀರು ಬಿಡಲು ನಲ್ಲಿ ತಿರುಗಿಸಿದೆ. ಹೊರಗೆ ಸಣ್ಣ ಧಾರೆ, ಉಳಿದದ್ದೆಲ್ಲ ಗೋಡೆಯೊಳಗೆ. ನಾನು ಹೊರಗೇ ಇದ್ದೆ, ನೆಲಮಾಳಿಗೆಯಲ್ಲಿ ನೀರು ತುಂಬುತ್ತಿತ್ತು. ಗೋಡೆ ಒಡೆಸಿದೆವು, ಕಾರ್ಪೆಟ್ ಕಿತ್ತೆಸೆದೆವು, ಊರಿಂದ ತಂದ ಪುಸ್ತಕದ ಪೆಟ್ಟಿಗೆಗಳು ಹೋದವು.

ಪೈಪು ಬಿಚ್ಚಲು ಒಂದು ನಿಮಿಷ ಸಾಕಿತ್ತು. ಒಳಗೆ ಬೇರೆ ವಾಲ್ವ್ ಇದ್ದರೆ ಅದನ್ನೂ ಮುಚ್ಚಿ, ಹೊರಗಿನ ನಲ್ಲಿಯನ್ನು ಸ್ವಲ್ಪ ಹೊತ್ತು ತೆರೆದಿಟ್ಟು ನೀರೆಲ್ಲ ಹೋಗಲು ಬಿಡಬೇಕು. ಅಷ್ಟೇ.

ಹಾಗಾಗಿ ಮಾಡಬಹುದಾ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸಬ್ಬತ್ ದಿನ, ಅಂದರೆ ವಿಶ್ರಾಂತಿಯ ದಿನ, ನಿಮ್ಮ ಎತ್ತು ಬಾವಿಗೆ ಬಿದ್ದರೆ ಎತ್ತುವುದಿಲ್ಲವೇ ಅಂತ ಯೇಸು ಕೇಳಿದ್ದು ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿದೆ. ಅಮ್ಮನಿಗೆ ಅದನ್ನು ಓದಿ ಹೇಳಿ. ಸುಗ್ಗಿ ಆರಾಧನೆಯ ದಿನ ನಮ್ಮೂರ ಚರ್ಚುಗಳಲ್ಲಿ ಕುಂಬಳಕಾಯಿ, ಬಾಳೆಗೊನೆ, ಕೋಳಿ ತಂದು ಹರಾಜು ಹಾಕುವುದನ್ನು ಅವರೂ ನೋಡಿರುತ್ತಾರೆ. ಮಣ್ಣಿನ ಕೆಲಸ ದೇವರಿಂದ ದೂರದ್ದು ಅಂತ ಅಲ್ಲಿ ಯಾರೂ ಅಂದಿಲ್ಲ.

ಆದರೆ ಆರಾಧನೆ ಮೊದಲು. ಎಲೆ ಗುಡಿಸಬೇಕು ಅಂತ ಚರ್ಚ್ ತಪ್ಪಿಸುವುದು ನನಗೆ ಇಷ್ಟವಿಲ್ಲ. ಬೇಗನೆ ನಡೆಯುವ ಆರಾಧನೆಗೆ ಹೋಗಿ. ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋದ ಮೇಲೆ ಡೆಟ್ರಾಯಿಟ್ ಕಡೆ ಸಂಜೆ ಐದೂವರೆಯೊಳಗೆ ಸೂರ್ಯ ಮುಳುಗುತ್ತಾನೆ. ಊಟ ಮಾಡಿ ಹೊರಗೆ ಬಂದರೆ ಬೀದಿ ಶಾಂತವಾಗಿರುತ್ತದೆ. ಡೆಟ್ರಾಯಿಟ್‌ನ ಫುಟ್‌ಬಾಲ್ ತಂಡ ಲಯನ್ಸ್‌ನ ಮ್ಯಾಚ್ ಇದ್ದರಂತೂ ಎಲ್ಲರೂ ಟಿವಿ ಮುಂದೆ. ಆ ಹೊತ್ತು ನನಗೆ ವಾರದಲ್ಲೇ ಪ್ರಿಯವಾದದ್ದು. ಬೆಳಿಗ್ಗೆ ಕೇಳಿದ ವಚನ ಎಲೆ ಗುಡಿಸುವಾಗ ಮತ್ತೆ ಮನಸ್ಸಿಗೆ ಬರುತ್ತದೆ. ದಯವಿಟ್ಟು ಭಾನುವಾರ ಎಲೆ ಊದುವ ಯಂತ್ರ, ಬ್ಲೋವರ್ ಹಚ್ಚಬೇಡಿ. ನಿಮ್ಮ ನೆಮ್ಮದಿಯೂ ಹೋಗುತ್ತದೆ, ಪಕ್ಕದವರದ್ದೂ.

ದುಡ್ಡಿಗೆ ಹಿತ್ತಲ ಕೆಲಸ ಮಾಡಿಕೊಡುವ ಕಂಪನಿಯವರನ್ನೂ ಕರೆಯಬೇಡಿ. ವಯಸ್ಸಾಗಿದ್ದರೆ, ಬೆನ್ನು ನೋವಿದ್ದರೆ ಬೇರೆ ಮಾತು. ಅವರು ಎಲೆಯನ್ನೆಲ್ಲ ಊದಿ ಹೊತ್ತೊಯ್ಯುತ್ತಾರೆ. ಹುಲ್ಲಿನ ಮೇಲೆ ತೆಳ್ಳಗೆ ಬಿದ್ದ ಎಲೆಯ ಮೇಲೆ ಹುಲ್ಲು ಕತ್ತರಿಸುವ ಮೋವರ್ ಓಡಿಸಿ ಪುಡಿ ಮಾಡಿದರೆ ಅದೇ ಗೊಬ್ಬರ. ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯವರು ಹೇಳುವುದೂ ಇದನ್ನೇ. ಉಳಿದ ಎಲೆಯನ್ನು ಬೆಳ್ಳುಳ್ಳಿ ಮಡಿಗೆ ಹೊದಿಸಿ. ಅಕ್ಟೋಬರಿನಲ್ಲಿ ಎಸಳಿನ ಚೂಪು ತುದಿ ಮೇಲೆ ಮಾಡಿ ಎರಡು ಇಂಚು ಆಳಕ್ಕೆ ಊರಿದರೆ ಜುಲೈಯಲ್ಲಿ ಕೀಳಬಹುದು. ಕರಿಬೇವಿನ ಕುಂಡ ಇನ್ನೂ ಹೊರಗಿದ್ದರೆ ಇವತ್ತೇ ಒಳಗೆ ತನ್ನಿ, ರಾತ್ರಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಸೊರಗುತ್ತದೆ.

ಈ ಭಾನುವಾರ ಪೈಪು, ಕರಿಬೇವು ಇವೆರಡು ಮುಗಿಸಿ. ಎಲೆಗೆ ಅವಸರವಿಲ್ಲ. ಹಿತ್ತಲಲ್ಲಿ ಓಕ್ ಮರ ಇದ್ದರೆ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ತನಕ ಉದುರುತ್ತಲೇ ಇರುತ್ತದೆ, ಸುಮ್ನೆ ಒಂದೇ ದಿನಕ್ಕೆ ಮುಗಿಸಲು ಹೋಗಬೇಡಿ.