ಪಿಂಗ್‌ಗೆ ಸಿಗುವ ಹೆಸರು ಡಿಗ್‌ಗೆ ಏಕೆ ಸಿಗುವುದಿಲ್ಲ?

ಮನೆಯಲ್ಲಿ ಡಿಎನ್‌ಎಸ್ ಸರ್ವರ್ (ಹೆಸರು ಕೊಟ್ಟರೆ ಐಪಿ ವಿಳಾಸ ಹೇಳುವ ಯಂತ್ರ) ಇಲ್ಲ, ‘ಉಗ್ರಾಣ.ಲೋಕಲ್’ ಎಂಬ ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಪಿಂಗ್‌ಗೆ (ಯಂತ್ರ ಉತ್ತರಿಸುತ್ತಿದೆಯೇ ಎಂದು ನೋಡುವ ಆಜ್ಞೆ) ಸಿಗುತ್ತದೆ, ಡಿಗ್ (ಡಿಎನ್‌ಎಸ್ ಸರ್ವರನ್ನು ಕೇಳುವ ಆಜ್ಞೆ) ಮಾತ್ರ ಅಂಥ ಹೆಸರೇ ಇಲ್ಲ ಎನ್ನುತ್ತದೆ, ಟರ್ಮಿನಲ್‌ನಲ್ಲಿ ಅದರ ಐಪಿ ವಿಳಾಸ ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ನಿಮ್ಮ ಲಿನಕ್ಸ್‌ನಲ್ಲಿ ಏನೂ ಕೆಟ್ಟಿಲ್ಲ. ‘ಗೆಟ್‌ಎಂಟ್ ಹೋಸ್ಟ್ಸ್ ಉಗ್ರಾಣ.ಲೋಕಲ್’ ಎಂದು ಕೊಟ್ಟು ನೋಡಿ, ವಿಳಾಸ ಬರುತ್ತದೆ. ಐಪಿವಿ4 ಮಾತ್ರ ಸಾಕೆಂದರೆ ‘ಹೋಸ್ಟ್ಸ್’ ಇರುವಲ್ಲಿ ‘ಎಹೋಸ್ಟ್ಸ್‌ವಿ4’ ಎಂದು ಬರೆಯಿರಿ.

ನಾನು ಬೆಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಅಂಚೆಯವರು ಅಂಗಳದಲ್ಲಿ ನಿಂತು ಹೆಸರು ಕೂಗುತ್ತಿದ್ದರು, ಆ ಹೆಸರಿನವರು ಓಗೊಟ್ಟು ಹೊರಗೆ ಬರುತ್ತಿದ್ದರು. ಯಾರು ಯಾವ ಮನೆಯಲ್ಲಿದ್ದಾರೆ ಎಂಬ ಪಟ್ಟಿ ಯಾರ ಬಳಿಯೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ‘ಲೋಕಲ್’ ಎಂದು ಮುಗಿಯುವ ಹೆಸರುಗಳ ವ್ಯವಸ್ಥೆ ಇದೇ. ಪ್ರಶ್ನೆ 224.0.0.251 ಎಂಬ ಮಲ್ಟಿಕಾಸ್ಟ್ (ಒಮ್ಮೆಗೇ ಹಲವು ಯಂತ್ರಗಳಿಗೆ ತಲುಪುವ) ವಿಳಾಸಕ್ಕೆ, ಯುಡಿಪಿ 5353ನೇ ಪೋರ್ಟ್‌ನಲ್ಲಿ ಹೋಗುತ್ತದೆ. ಆ ಹೆಸರಿನ ಯಂತ್ರ ತಾನೇ ಉತ್ತರಿಸುತ್ತದೆ. ಇದಕ್ಕೆ ಎಂಡಿಎನ್‌ಎಸ್ (ಮಲ್ಟಿಕಾಸ್ಟ್ ಡಿಎನ್‌ಎಸ್) ಎಂದು ಹೆಸರು, 2013ರ ಆರ್‌ಎಫ್‌ಸಿ 6762 ಎಂಬ ಇಂಟರ್ನೆಟ್ ದಾಖಲೆ ಇದರ ನಿಯಮಗಳನ್ನು ಹೇಳುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಕೂಗುವುದೂ ಓಗೊಡುವುದೂ ಅವಾಹಿ ಎಂಬ ತಂತ್ರಾಂಶದ ಕೆಲಸ.

ಡಿಗ್ ಅಂಗಳಕ್ಕೆ ಇಳಿಯುವುದೇ ಇಲ್ಲ. ಅದು ‘ರಿಸಾಲ್ವ್.ಕಾನ್ಫ್’ ಕಡತ ಓದಿ, ಅದರಲ್ಲಿ ಬರೆದಿರುವ ಡಿಎನ್‌ಎಸ್ ಸರ್ವರ್ ಬಳಿ ನೇರವಾಗಿ ಹೋಗುತ್ತದೆ, ಆ ಸರ್ವರ್‌ಗೆ ನಿಮ್ಮ ಮನೆಯ ಹೆಸರುಗಳು ಗೊತ್ತಿಲ್ಲ. ಎನ್‌ಎಸ್‌ಲುಕಪ್ ಮತ್ತು ಹೋಸ್ಟ್ ಕೂಡ ಹಾಗೆಯೇ. ಪಿಂಗ್, ಎಸ್‌ಎಸ್‌ಎಚ್, ಗೆಟ್‌ಎಂಟ್ ಇವು ಸಿ ಲೈಬ್ರರಿಯನ್ನು (ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸುವ ಲಿನಕ್ಸ್‌ನ ಮೂಲ ಕೋಡ್) ಕೇಳುತ್ತವೆ, ಅದು ‘ಎನ್‌ಎಸ್‌ಸ್ವಿಚ್.ಕಾನ್ಫ್’ ಕಡತದ ‘ಹೋಸ್ಟ್ಸ್’ ಸಾಲಿನಲ್ಲಿರುವ ಕ್ರಮದಲ್ಲಿ ಹುಡುಕುತ್ತದೆ. ಆ ಸಾಲಿನಲ್ಲಿ ‘ಎಂಡಿಎನ್‌ಎಸ್4_ಮಿನಿಮಲ್’ ಎಂಬುದು ‘ಡಿಎನ್‌ಎಸ್’ಗಿಂತ ಮೊದಲು ಇರಬೇಕು. ಉಬುಂಟುವಿನಲ್ಲಿ ಅದು ಕಾಣದಿದ್ದರೆ ‘ಲಿಬ್‌ಎನ್‌ಎಸ್‌ಎಸ್-ಎಂಡಿಎನ್‌ಎಸ್’ ಪ್ಯಾಕೇಜ್ ಹಾಕಿಕೊಳ್ಳಿ. ಈ ಹಂತಗಳನ್ನೆಲ್ಲ ಬಿಟ್ಟು ಎಂಡಿಎನ್‌ಎಸ್ ಒಂದನ್ನೇ ಪರೀಕ್ಷಿಸಲು ‘ಅವಾಹಿ-ರಿಸಾಲ್ವ್ -ಎನ್ ಉಗ್ರಾಣ.ಲೋಕಲ್’ ಇದೆ. ಡಿಗ್ ಅನ್ನೇ ಬಳಸಬೇಕೆಂದರೆ ಸರ್ವರ್ ಆಗಿ 224.0.0.251 ಅನ್ನೂ ಪೋರ್ಟ್ ಆಗಿ 5353 ಅನ್ನೂ ಕೊಡಿ, ಆಗ ಅದೂ ಉತ್ತರ ತರಬಹುದು.

ಒಂದು ಎಚ್ಚರಿಕೆ, ನಾನು ಅರ್ಧ ದಿನ ಕಳೆದುಕೊಂಡು ಕಲಿತದ್ದು. ಜಯನಗರದ ಒಂದು ಸಣ್ಣ ಕಚೇರಿಯಲ್ಲಿ ಎಲ್ಲವೂ ಸರಿಯಿದ್ದರೂ ಯಾವ ಹೆಸರೂ ಸಿಗುತ್ತಿರಲಿಲ್ಲ. ನಾನು ಅತಿಥಿಗಳ ವೈಫೈಯಲ್ಲಿದ್ದೆ. ಅಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ರೂಟರ್ ತಡೆದಿತ್ತು. ಕೂಗು ಪಕ್ಕದ ಮನೆಗೂ ಮುಟ್ಟುತ್ತಿರಲಿಲ್ಲ. ಪಿಜಿಗಳ ಹಂಚಿಕೆಯ ವೈಫೈಯಲ್ಲೂ ಇದೇ ತೊಂದರೆ ಎದುರಾಗಬಹುದು. ಸಾಧನಗಳು ಒಂದನ್ನೊಂದು ನೋಡಬಲ್ಲವು, ಮಲ್ಟಿಕಾಸ್ಟ್ ಮಾತ್ರ ದಾಟುತ್ತಿಲ್ಲ ಎಂದಾದರೆ, ರೂಟರ್‌ನಲ್ಲಿ ಪೈಗೆ ಒಂದು ಐಪಿ ಕಾಯ್ದಿರಿಸಿ, ‘ಇಟಿಸಿ’ಯೊಳಗಿನ ‘ಹೋಸ್ಟ್ಸ್’ ಕಡತದಲ್ಲಿ ಆ ವಿಳಾಸವನ್ನೂ ಹೆಸರನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಆ ಕಡತವನ್ನೂ ಗೆಟ್‌ಎಂಟ್ ಓದುತ್ತದೆ, ಡಿಗ್ ಓದುವುದಿಲ್ಲ.