ಫ್ರಾನ್ಸ್‌ನ ಹಳ್ಳಿಗಳಲ್ಲಿ ಸ್ಪೀಡ್ ಬೋರ್ಡ್ ಕಾಣದಿದ್ದರೆ ಎಷ್ಟು ವೇಗದಲ್ಲಿ ಹೋಗಬೇಕು?

ಊರಿನ ಹೆಸರಿನ ಬೋರ್ಡೇ ಅಲ್ಲಿ ಸ್ಪೀಡ್ ಬೋರ್ಡ್! ಬಿಳಿ ಹಲಗೆ, ಸುತ್ತ ಕೆಂಪು ಅಂಚು, ನಡುವೆ ಕಪ್ಪು ಅಕ್ಷರದಲ್ಲಿ ಹೆಸರು. ಅದನ್ನು ದಾಟಿದ ಕ್ಷಣದಿಂದ ಗಂಟೆಗೆ 50 ಕಿ.ಮೀ. ಮಿತಿ. 50 ಅಂತ ಬೇರೆ ಎಲ್ಲೂ ಬರೆದಿರಬೇಕಿಲ್ಲ. ಹೊಸಬರು ಎಡವುವುದು ಇಲ್ಲೇ.

ಅದೇ ಹೆಸರಿನ ಮೇಲೆ ಕೆಂಪು ಅಡ್ಡಗೆರೆ ಎಳೆದ ಹಲಗೆ ಕಂಡರೆ ಊರು ಮುಗಿಯಿತು. ಆಮೇಲೆ ಡಿವೈಡರ್ ಇಲ್ಲದ ಹೊರರಸ್ತೆಯಲ್ಲಿ 2018ರ ಜುಲೈನಿಂದ ಸಾಮಾನ್ಯವಾಗಿ 80. ಕೆಲವು ಜಿಲ್ಲೆಗಳು ಕೆಲವು ರಸ್ತೆಗಳನ್ನು ಮತ್ತೆ 90 ಮಾಡಿವೆ, ಅದಕ್ಕೆ ಬೋರ್ಡ್ ನೋಡಿಕೊಳ್ಳಿ.

ಕಪ್ಪು ಹಲಗೆಯಲ್ಲಿ ಬಿಳಿ ಅಕ್ಷರ ಇದ್ದರೆ ಅದು ನಾಲ್ಕೈದು ಮನೆಗಳ ಜಾಗದ ಹೆಸರು ಅಷ್ಟೇ, ಸುಮ್ನೆ ಅದರಿಂದ ಮಿತಿ ಬದಲಾಗಲ್ಲ. ಶಾಲೆ, ಚರ್ಚಿನ ಹತ್ತಿರ 30 ಅಂತ ಹಾಕಿರಬಹುದು. ಕೆಳಗೆ 'ರಾಪೆಲ್' ಅಂತ ಇದ್ದರೆ ಗಾಬರಿ ಬೇಡ, 'ನೆನಪಿರಲಿ, ಹಳೇ ಮಿತಿಯೇ ನಡೀತಿದೆ' ಅಂತ ಅರ್ಥ.

ಊರೊಳಗೆ 20 ಕಿ.ಮೀ.ಗಿಂತ ಕಡಿಮೆ ಮೀರಿದರೂ ದಂಡ 135 ಯೂರೋ, ಬೇಗ ಕಟ್ಟಿದರೆ 90. ಬಾಡಿಗೆ ಕಾರಾದರೆ ಕಂಪನಿಯವರ ಶುಲ್ಕ ಬೇರೆ ಸೇರಬಹುದು.

ಇನ್ನೊಂದು ಮಾತು. ಯಾವ ಗುರುತೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ. ಪುಟ್ಟ ಓಣಿಯಿಂದ ಬಂದರೂ ಅವರು ನಿಲ್ಲಲ್ಲ, ನೀವೇ ನಿಲ್ಲಬೇಕು.